ಎರಡು ಎತ್ತರ ಒಂದಾಗುವ ಗಳಿಗೆ: ಕೋಷ್ಟಕ ಬರೆದು ಹುಡುಕುವುದು ಹೇಗೆ?

ಚನ್ನಗಿರಿ ಕಡೆ ನಮ್ಮ ದೊಡ್ಡಪ್ಪನ ಅಡಿಕೆ ತೋಟವಿದೆ. ಈಗ ಕೊಯ್ಲಿಗೆ ಉದ್ದನೆಯ ದೋಟಿ ಬಂದಿದೆ, ನೆಲದ ಮೇಲೆ ನಿಂತೇ ಗೊನೆ ಇಳಿಸುತ್ತಾರೆ. ನಾನು ಚಿಕ್ಕವನಿದ್ದಾಗ ಮರ ಹತ್ತಿಯೇ ಕೊಯ್ಯಬೇಕಿತ್ತು. ಒಂದು ಮರದಲ್ಲಿ ಆಳು ಮೇಲಕ್ಕೆ ಹತ್ತುತ್ತಿದ್ದರೆ, ಪಕ್ಕದ ಮರದಿಂದ ಗೊನೆ ಹಗ್ಗ ಹಿಡಿದು ಕೆಳಕ್ಕೆ ಇಳಿಯುತ್ತಿತ್ತು. ಬುಡದಲ್ಲಿ ಕತ್ತೆತ್ತಿ ನಿಂತ ನನಗೆ ಒಂದೇ ಕುತೂಹಲ. ಹತ್ತುವ ಆಳು, ಇಳಿಯುವ ಗೊನೆ, ಎರಡೂ ಒಂದೇ ಎತ್ತರಕ್ಕೆ ಬರುವುದು ಯಾವ ಗಳಿಗೆಯಲ್ಲಿ?

ಹೈಸ್ಕೂಲಿಗೆ ಬಂದಾಗ ಇದೇ ಥರದ ಲೆಕ್ಕ ಪರೀಕ್ಷೆಯಲ್ಲಿ ಬಂತು. ಆಗ ನನಗೆ ಸಮೀಕರಣ ಬಿಡಿಸುವುದು ಸರಿಯಾಗಿ ಬರುತ್ತಿರಲಿಲ್ಲ. ಸೆಕೆಂಡುಗಳನ್ನು ಒಂದರ ಕೆಳಗೊಂದು ಬರೆದು, ಎದುರಿಗೆ ಎರಡೂ ಎತ್ತರ ಲೆಕ್ಕ ಹಾಕಿ ಉತ್ತರ ಹಿಡಿದೆ. ಉತ್ತರ ಸರಿಯಿತ್ತು. ಆದರೂ ಲೆಕ್ಕದ ಮೇಲೆ ಅಡ್ಡಗೆರೆ ಬಿತ್ತು. ‘ಇದು ಊಹೆ, ವಿಧಾನವಲ್ಲ’ ಎಂದು ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಬರೆದಿತ್ತು. ಆ ಮಾತನ್ನು ನಾನು ಇವತ್ತಿಗೂ ಒಪ್ಪುವುದಿಲ್ಲ. ಸುಮ್ನೆ ಒಂದು ಅಂಕಿ ಹೇಳಿದರೆ ಅದು ಊಹೆ. ಕ್ರಮವಾಗಿ ಬರೆದ ಕೋಷ್ಟಕ ಊಹೆಯಲ್ಲ. ಉತ್ತರ ಎಲ್ಲಿಂದ ಎಲ್ಲಿಯವರೆಗಿನ ಜಾಗದಲ್ಲಿ ಅಡಗಿದೆ ಎಂದು ಅದು ಖಚಿತವಾಗಿ ತೋರಿಸುತ್ತದೆ. ಈಗ ದಾವಣಗೆರೆಯಲ್ಲಿ ನಮ್ಮ ಬೀದಿಯ ಮಕ್ಕಳಿಗೆ ಸಂಜೆ ಹೊತ್ತು ಗಣಿತ ಹೇಳಿಕೊಡುತ್ತೇನೆ. ಈ ಪಾಠ ಬಂದಾಗ ಸಮೀಕರಣಕ್ಕಿಂತ ಮೊದಲು ಕೋಷ್ಟಕವನ್ನೇ ಬರೆಸುತ್ತೇನೆ.

ಮೊದಲ ಹೆಜ್ಜೆ: ಚಲನೆಯನ್ನು ಮಾತಿನಲ್ಲಿ ಬರೆಯಿರಿ

ಫಂಕ್ಷನ್ ಎಂಬ ಪದಕ್ಕೆ ಹೆದರಬೇಡಿ. ಒಂದು ಹೊತ್ತು ಹೇಳಿದರೆ ಒಂದೇ ಒಂದು ಎತ್ತರ ಸಿಗಬೇಕು, ಇಲ್ಲಿ ಫಂಕ್ಷನ್ ಅಂದರೆ ಅಷ್ಟೇ. ಒಂದೇ ಗೊನೆ ಒಂದೇ ಗಳಿಗೆಯಲ್ಲಿ ಎರಡು ಎತ್ತರದಲ್ಲಿ ಇರಲಾರದು, ಅಲ್ವಾ? ಆದರೆ ಒಂದೇ ಎತ್ತರ ಎರಡು ಬೇರೆ ಹೊತ್ತಿನಲ್ಲಿ ಬರಬಹುದು. ಮೇಲೆ ಎಸೆದ ಚೆಂಡು ಹೋಗುವಾಗಲೂ ಬರುವಾಗಲೂ ಅದೇ ಎತ್ತರ ದಾಟುತ್ತದೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ತೋಟದ ಲೆಕ್ಕವನ್ನೇ ತೆಗೆದುಕೊಳ್ಳೋಣ. ಆಳು ನೆಲದಿಂದ ಶುರು ಮಾಡಿ ಸೆಕೆಂಡಿಗೆ 0.3 ಮೀಟರ್ ಹತ್ತುತ್ತಾನೆ. ಪಕ್ಕದ ಮರದ ಗೊನೆ 12 ಮೀಟರ್ ಎತ್ತರದಿಂದ ಸೆಕೆಂಡಿಗೆ 0.5 ಮೀಟರ್ ಇಳಿಯುತ್ತದೆ. ಇದನ್ನೇ ಅಂಕಿಗೆ ತಂದರೆ:

ಆಳಿನ ಎತ್ತರ = 0.3 × ಸೆಕೆಂಡು
ಗೊನೆಯ ಎತ್ತರ = 12 − 0.5 × ಸೆಕೆಂಡು

ಇಲ್ಲಿ ಮೂರು ವಿಷಯ ನೋಡಿಕೊಳ್ಳಬೇಕು. ಎರಡೂ ಮೀಟರಿನಲ್ಲೇ ಇರಬೇಕು. ಒಂದು ಅಡಿ, ಇನ್ನೊಂದು ಮೀಟರ್ ಆದರೆ ಕೋಷ್ಟಕ ಪೂರ್ತಿ ಸುಳ್ಳಾಗುತ್ತದೆ. ಎರಡಕ್ಕೂ ಗಡಿಯಾರ ಒಂದೇ ಇರಬೇಕು. ಆಳು 6 ಸೆಕೆಂಡು ತಡವಾಗಿ ಹತ್ತಲು ಶುರು ಮಾಡಿದರೆ ಅವನ ಎತ್ತರ 0.3 × (ಸೆಕೆಂಡು − 6) ಆಗುತ್ತದೆ, ಅದೂ 6ನೇ ಸೆಕೆಂಡಿನಿಂದ ಮೇಲೆ ಮಾತ್ರ. ಅದಕ್ಕೂ ಮೊದಲು ಅವನು ನೆಲದಲ್ಲೇ ನಿಂತಿದ್ದಾನೆ, ಆದ್ದರಿಂದ ಆ ಸಾಲುಗಳಲ್ಲಿ ಸೊನ್ನೆ ಬರೆಯಬೇಕು.

ಮೂರನೆಯದು, ಎತ್ತರವನ್ನು ಒಂದೇ ನೆಲದಿಂದ ಅಳೆಯಬೇಕು. ಚಿತ್ರದುರ್ಗದ ಕೋಟೆ ಹತ್ತಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಏಳು ಸುತ್ತಿನ ಕೋಟೆಯಲ್ಲಿ ಬಂಡೆ ಹತ್ತಿ ಒಳಗೆ ಹೋದಂತೆಲ್ಲ ಕಾಲ ಕೆಳಗಿನ ನೆಲವೇ ಏರುತ್ತದೆ. ಮೇಲಿನ ಬಂಡೆಯ ಮೇಲೆ ನಿಂತವನು ‘ನನ್ನಿಂದ 5 ಮೀಟರ್ ಎತ್ತರ’ ಎಂದರೆ, ಬಾಗಿಲ ಬಳಿ ನಿಂತವನಿಗೆ ಅದು 5 ಮೀಟರ್ ಅಲ್ಲ. ಎಲ್ಲರೂ ಬಾಗಿಲ ಬಳಿಯ ನೆಲವನ್ನೇ ಸೊನ್ನೆ ಎಂದು ಒಪ್ಪಿಕೊಂಡರೆ ಮಾತ್ರ ಎರಡು ಎತ್ತರವನ್ನು ಹೋಲಿಸಬಹುದು.

ಎರಡನೇ ಹೆಜ್ಜೆ: ನಾಲ್ಕು ಕಂಬ ಎಳೆಯಿರಿ

ಹೆಚ್ಚಿನ ಮಕ್ಕಳು ಮೂರು ಕಂಬ ಸಾಲಾಗಿ ಬರೆದು ನಿಲ್ಲಿಸುತ್ತಾರೆ: ಸೆಕೆಂಡು, ಮೊದಲನೆಯದರ ಎತ್ತರ, ಎರಡನೆಯದರ ಎತ್ತರ. ಆಮೇಲೆ ಎರಡು ಕಂಬಗಳ ನಡುವೆ ಕಣ್ಣು ಓಡಾಡಿಸಿ ಒಂದೇ ಅಂಕಿ ಹುಡುಕುತ್ತಾರೆ. ನಾಲ್ಕನೆಯದೊಂದನ್ನು ಸೇರಿಸಿ, ಅದೇ ವ್ಯತ್ಯಾಸದ ಕಂಬ. ಈ ವಿಧಾನದ ಜೀವ ಇರುವುದು ಅಲ್ಲಿಯೇ.

| ಸೆಕೆಂಡು | ಗೊನೆ | ಆಳು | ಗೊನೆ − ಆಳು |
|---|---|---|---|
| 0 | 12 | 0 | 12 |
| 5 | 9.5 | 1.5 | 8 |
| 10 | 7 | 3 | 4 |
| 15 | 4.5 | 4.5 | 0 |
| 20 | 2 | 6 | −4 |

ಹದಿನೈದನೇ ಸೆಕೆಂಡಿನಲ್ಲಿ, ನೆಲದಿಂದ 4.5 ಮೀಟರ್ ಮೇಲೆ, ಎರಡೂ ಸಮ. ಕೊನೆಯ ಕಂಬವನ್ನು ಮೇಲಿನಿಂದ ಕೆಳಗೆ ಓದಿ: 12, 8, 4, 0, −4. ಪ್ರತಿ 5 ಸೆಕೆಂಡಿಗೆ ಸರಿಯಾಗಿ 4 ಕಡಿಮೆಯಾಗುತ್ತಿದೆ. ಒಂದು 0.3ರಂತೆ ಏರುತ್ತದೆ, ಇನ್ನೊಂದು 0.5ರಂತೆ ಇಳಿಯುತ್ತದೆ. ನಡುವಿನ ಅಂತರ ಸೆಕೆಂಡಿಗೆ 0.8 ಮೀಟರ್ ಕರಗುತ್ತದೆ. 12ನ್ನು 0.8ರಿಂದ ಭಾಗಿಸಿದರೆ 15. ಸಮೀಕರಣ ಬಿಡಿಸಿದರೆ ಸಿಗುವುದೂ ಇದೇ. ಆದರೆ ಆ 0.8 ಎಲ್ಲಿಂದ ಬಂತು ಎಂದು ಕೋಷ್ಟಕದಲ್ಲಿ ಕಣ್ಣಾರೆ ಕಾಣುತ್ತದೆ. ನಮ್ಮ ಬೀದಿಯ ಒಬ್ಬ ಹುಡುಗಿ ಎರಡನೇ ಸಾಲು ಬರೆಯುವಷ್ಟರಲ್ಲೇ ‘ಅಂಕಲ್, ನಾಲ್ಕು ನಾಲ್ಕು ಇಳೀತಾ ಇದೆ, ಇನ್ನೆರಡು ಸಾಲಿಗೆ ಸೊನ್ನೆ’ ಎಂದಳು. ಅವಳಿಗೆ ಸಮೀಕರಣ ಅರ್ಧ ಬಂದ ಹಾಗೆಯೇ.

ಉತ್ತರ ಸಾಲುಗಳ ನಡುವೆ ಬಿದ್ದರೆ

ತೋಟದ ಲೆಕ್ಕದಲ್ಲಿ ಉತ್ತರ ನೇರವಾಗಿ ಒಂದು ಸಾಲಿನ ಮೇಲೇ ಬಿತ್ತು. ಹಾಗೆ ಆಗುವುದು ಅಪರೂಪ. ಜಾಸ್ತಿ ಸಲ ಅದು ಎರಡು ಸಾಲುಗಳ ನಡುವೆ ಇರುತ್ತದೆ.

ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ನಡೆಯುತ್ತದೆ. ಜಾತ್ರೆಯಿಂದ ತಂದ ಗ್ಯಾಸ್ ಬಲೂನು ಮಹಡಿ ಮೇಲೆ ನಿಂತ ಮಗುವಿನ ಕೈಯಿಂದ ಜಾರಿತು ಎಂದುಕೊಳ್ಳಿ. ಅದು ಜಾರಿದ ಜಾಗ ನೆಲದಿಂದ 4 ಮೀಟರ್ ಎತ್ತರ. ಅಲ್ಲಿಂದ ಸೆಕೆಂಡಿಗೆ 2 ಮೀಟರಿನಂತೆ ಏರುತ್ತದೆ. ಗಾಳಿ ತಡೆಯುವುದರಿಂದ ಬಲೂನು ಬೇಗನೆ ಒಂದೇ ವೇಗಕ್ಕೆ ಬಂದುಬಿಡುತ್ತದೆ, ಹಾಗಾಗಿ ಈ ಲೆಕ್ಕ ತಕ್ಕಮಟ್ಟಿಗೆ ನಿಜಕ್ಕೆ ಹತ್ತಿರ. ಅದೇ ಕ್ಷಣಕ್ಕೆ ಕೆಳಗೆ ಬೀದಿಯಲ್ಲಿರುವ ಹುಡುಗ ಚೆಂಡನ್ನು ನೇರ ಮೇಲಕ್ಕೆ ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಎಸೆಯುತ್ತಾನೆ.

ಬಲೂನು = 4 + 2 × ಸೆಕೆಂಡು
ಚೆಂಡು = 15 × ಸೆಕೆಂಡು − 5 × ಸೆಕೆಂಡು × ಸೆಕೆಂಡು

ಆ 5 ಬಂದಿದ್ದು ಗುರುತ್ವದಿಂದ. ಗುರುತ್ವದ ವೇಗೋತ್ಕರ್ಷ ಸುಮಾರು 9.8, ಲೆಕ್ಕ ಹಗುರಾಗಲೆಂದು 10 ಹಿಡಿದು ಅದರ ಅರ್ಧ ತೆಗೆದುಕೊಂಡಿದ್ದೇನೆ. ಚೆಂಡಿಗೆ ಗಾಳಿಯ ತಡೆಯನ್ನು ಬಿಟ್ಟಿದ್ದೇನೆ. ಚೆಂಡು ಹುಡುಗನ ಕೈಯಿಂದಲ್ಲ, ನೆಲದಿಂದಲೇ ಹೊರಟಿತು ಎಂದು ಹಿಡಿದಿದ್ದೇನೆ.

| ಸೆಕೆಂಡು | ಚೆಂಡು | ಬಲೂನು | ಚೆಂಡು − ಬಲೂನು |
|---|---|---|---|
| 0 | 0 | 4 | −4 |
| 0.5 | 6.25 | 5 | 1.25 |
| 1 | 10 | 6 | 4 |
| 1.5 | 11.25 | 7 | 4.25 |
| 2 | 10 | 8 | 2 |
| 2.5 | 6.25 | 9 | −2.75 |
| 3 | 0 | 10 | −10 |

ಕೊನೆಯ ಕಂಬದಲ್ಲಿ ಎಲ್ಲೂ ಸೊನ್ನೆ ಇಲ್ಲ. ಹಾಗಂತ ಎತ್ತರ ಒಂದಾಗಲೇ ಇಲ್ಲ ಎನ್ನಬೇಡಿ. ಚಿಹ್ನೆ ನೋಡಿ. ಮೊದಲ ಸಾಲಿನಲ್ಲಿ ಮೈನಸ್, ಎರಡನೆಯದರಲ್ಲಿ ಪ್ಲಸ್. ಅಂದರೆ ಶುರುವಿನಲ್ಲಿ ಚೆಂಡು ಬಲೂನಿಗಿಂತ ಕೆಳಗಿತ್ತು, ಅರ್ಧ ಸೆಕೆಂಡಿನಲ್ಲಿ ಮೇಲೆ ಹೋಗಿದೆ. ಚೆಂಡು ಒಂದು ಎತ್ತರದಿಂದ ಇನ್ನೊಂದಕ್ಕೆ ಮಾಯವಾಗಿ ನೆಗೆಯುವುದಿಲ್ಲ, ನಡುವಿನ ಎಲ್ಲ ಎತ್ತರವನ್ನೂ ದಾಟಿಯೇ ಹೋಗಬೇಕು. ಆದ್ದರಿಂದ 0 ಮತ್ತು 0.5ರ ನಡುವೆ ಒಂದು ಕ್ಷಣ ಎರಡೂ ಸಮವಾಗಿರಲೇಬೇಕು. ಹಾಗೆಯೇ 2 ಮತ್ತು 2.5ರ ನಡುವೆ ಪ್ಲಸ್ ಮತ್ತೆ ಮೈನಸ್ ಆಗಿದೆ. ಅಲ್ಲಿ ಬೀಳುವ ಚೆಂಡು ಏರುವ ಬಲೂನನ್ನು ಎರಡನೇ ಸಲ ಸಂಧಿಸುತ್ತದೆ. ಅಡ್ಡಗೆರೆ ಬಿದ್ದ ನನ್ನ ಉತ್ತರದಲ್ಲಿ ಇದ್ದಿದ್ದು ಇದೇ ತರ್ಕ. ಅದನ್ನು ಮಾತಿನಲ್ಲಿ ಹೇಳಲು ಆಗ ನನಗೆ ಬಂದಿರಲಿಲ್ಲ.

ಈಗ ಆ ಚಿಕ್ಕ ಜಾಗದಲ್ಲಿ ಮಾತ್ರ ಹೆಜ್ಜೆ, ಅಂದರೆ ಒಂದು ಸಾಲಿನಿಂದ ಮುಂದಿನ ಸಾಲಿಗೆ ಇರುವ ಸೆಕೆಂಡಿನ ಅಂತರ, ಚಿಕ್ಕದು ಮಾಡಿ. ಪೂರ್ತಿ ಕೋಷ್ಟಕ ಮತ್ತೆ ಬರೆಯುವ ಅಗತ್ಯವಿಲ್ಲ.

| ಸೆಕೆಂಡು | ಚೆಂಡು | ಬಲೂನು | ವ್ಯತ್ಯಾಸ |
|---|---|---|---|
| 0.3 | 4.05 | 4.6 | −0.55 |
| 0.4 | 5.2 | 4.8 | 0.4 |

ಉತ್ತರ 0.3 ಮತ್ತು 0.4ರ ನಡುವೆ ಸಿಕ್ಕಿಬಿತ್ತು. ಇನ್ನೂ ಒಳಗೆ ಹೋದರೆ 0.35ರಲ್ಲಿ −0.0625, 0.36ರಲ್ಲಿ 0.032. ಎರಡರಲ್ಲಿ 0.36 ಸೊನ್ನೆಗೆ ಹತ್ತಿರ. ಎತ್ತರ ಸುಮಾರು 4.7 ಮೀಟರ್. ಎರಡನೇ ಸಂಧಿಗೂ ಹೀಗೆಯೇ ಮಾಡಿ: 2.24ರಲ್ಲಿ 0.032, 2.25ರಲ್ಲಿ −0.0625. ಅಂದರೆ ಸುಮಾರು 2.24 ಸೆಕೆಂಡು, ಎತ್ತರ 8.5 ಮೀಟರ್.

ಒಂದು ಅಡ್ಡದಾರಿ ಇದೆ, ನನಗೆ ತುಂಬ ಇಷ್ಟ. 0.3ರಲ್ಲಿ 0.55 ಕಡಿಮೆ, 0.4ರಲ್ಲಿ 0.4 ಜಾಸ್ತಿ. ಒಟ್ಟು ದೂರ 0.95. ಅದರಲ್ಲಿ 0.55ರಷ್ಟು ದಾಟಿದರೆ ಸೊನ್ನೆ. 0.55ನ್ನು 0.95ರಿಂದ ಭಾಗಿಸಿದರೆ ಸುಮಾರು 0.58. ಹೆಜ್ಜೆ 0.1 ಇರುವುದರಿಂದ ಉತ್ತರ 0.3 + 0.058, ಅಂದರೆ 0.358. ಸಮೀಕರಣ ಬಿಡಿಸಿದರೆ 0.357 ಬರುತ್ತದೆ. ಇಷ್ಟು ಚಿಕ್ಕ ಜಾಗದಲ್ಲಿ ಬಾಗಿದ ಗೆರೆಯೂ ಹೆಚ್ಚುಕಡಿಮೆ ನೇರವಾಗಿರುತ್ತದೆ, ಅದಕ್ಕೇ ಇದು ನಡೆಯುತ್ತದೆ. ದೊಡ್ಡ ಹೆಜ್ಜೆಯಲ್ಲಿ ಇದನ್ನು ಬಳಸಬೇಡಿ.

ಗುರುತ್ವಕ್ಕೆ 10ರ ಬದಲು 9.8 ಹಿಡಿದರೆ ಏನಾಗುತ್ತದೆ ಎಂದು ಒಂದು ಸಲ ಮಾಡಿ ನೋಡಿ. ಮೊದಲ ಉತ್ತರ 0.36ರಲ್ಲೇ ಉಳಿಯುತ್ತದೆ. ಎರಡನೆಯದು 2.24ರಿಂದ 2.30ಕ್ಕೆ ಜರುಗುತ್ತದೆ. ಹೊತ್ತು ಹೆಚ್ಚಾದಷ್ಟೂ ಗುರುತ್ವದ ಕೆಲಸ ಹೆಚ್ಚು, ಅದರಲ್ಲಿನ ಸಣ್ಣ ತಪ್ಪೂ ಬೆಳೆಯುತ್ತದೆ.

ಇನ್ನೊಂದು ಎಚ್ಚರ. ಕೋಷ್ಟಕವನ್ನು 3 ಸೆಕೆಂಡಿಗೇ ನಿಲ್ಲಿಸಿದ್ದೇನೆ. 3.5 ಹಾಕಿದರೆ ಚೆಂಡಿನ ಎತ್ತರ −8.75 ಬರುತ್ತದೆ. ಚೆಂಡು ಭೂಮಿಯೊಳಗೆ ಹೋಗುವುದಿಲ್ಲವಲ್ಲ. ಸೂತ್ರ ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತದೆ. ಯಾವ ಸಾಲು ನಿಜ, ಯಾವುದು ಅಲ್ಲ ಎಂದು ನೋಡುವ ಕೆಲಸ ನಮ್ಮದು.

ಕೋಷ್ಟಕ ಮೋಸ ಮಾಡುವ ಜಾಗ

ಚಿಹ್ನೆ ಬದಲಾದರೆ ಸಂಧಿ ಖಂಡಿತ ಇದೆ. ಆದರೆ ಚಿಹ್ನೆ ಬದಲಾಗದಿದ್ದರೆ ಸಂಧಿ ಇಲ್ಲ ಎಂದು ಹೇಳಲು ಆಗುವುದಿಲ್ಲ. ಇದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಚೆನ್ನಾಗಿ ಓದುವ ಮಕ್ಕಳೂ ಇಲ್ಲಿಯೇ ಎಡವುತ್ತಾರೆ.

ಅದೇ ಬಲೂನು ಈ ಸಲ 3 ಮೀಟರ್ ಎತ್ತರದಿಂದ ಹೊರಡಲಿ. ಹುಡುಗ ಚೆಂಡನ್ನು ಮೆಲ್ಲಗೆ, ಸೆಕೆಂಡಿಗೆ 10 ಮೀಟರಿನಂತೆ ಎಸೆಯಲಿ. ಒಂದೊಂದು ಸೆಕೆಂಡಿನ ಕೋಷ್ಟಕ ಬರೆದರೆ ವ್ಯತ್ಯಾಸ ಹೀಗೆ ಬರುತ್ತದೆ: 0ರಲ್ಲಿ −3, 1ರಲ್ಲಿ 0, 2ರಲ್ಲಿ −7. ಒಂದನೇ ಸೆಕೆಂಡಿಗೆ ಸೊನ್ನೆ ಸಿಕ್ಕಿತು, ಲೆಕ್ಕ ಮುಗಿಯಿತು ಎಂದು ಪುಸ್ತಕ ಮುಚ್ಚುತ್ತಾರೆ. ಮುಚ್ಚಬಾರದು. ಆ ಸೊನ್ನೆಯ ಅಕ್ಕಪಕ್ಕ ಬಿಡಿಸಿ ನೋಡಿ.

| ಸೆಕೆಂಡು | ಚೆಂಡು | ಬಲೂನು | ವ್ಯತ್ಯಾಸ |
|---|---|---|---|
| 0.5 | 3.75 | 4 | −0.25 |
| 0.6 | 4.2 | 4.2 | 0 |
| 0.7 | 4.55 | 4.4 | 0.15 |
| 0.8 | 4.8 | 4.6 | 0.2 |
| 0.9 | 4.95 | 4.8 | 0.15 |
| 1 | 5 | 5 | 0 |
| 1.1 | 4.95 | 5.2 | −0.25 |

0.6ರಲ್ಲಿ ಇನ್ನೊಂದು ಸಂಧಿ ಬಚ್ಚಿಟ್ಟುಕೊಂಡಿತ್ತು. ಚೆಂಡು ಬಲೂನನ್ನು ದಾಟಿ ಒಂದು ಗೇಣಿನಷ್ಟು ಮೇಲೆ ಹೋಗಿ, ಅರ್ಧ ಸೆಕೆಂಡೂ ಆಗುವ ಮೊದಲೇ ಮತ್ತೆ ಕೆಳಗಿಳಿದಿದೆ. ಒಂದು ಸೆಕೆಂಡಿನ ಹೆಜ್ಜೆಗೆ ಇದು ಕಾಣುವುದಿಲ್ಲ.

ಬಲೂನನ್ನು 3ರ ಬದಲು 3.2 ಮೀಟರಿನಿಂದ ಬಿಟ್ಟರೆ ಇನ್ನೂ ಸೂಕ್ಷ್ಮ. ಒಂದೊಂದು ಸೆಕೆಂಡಿನ ವ್ಯತ್ಯಾಸ −3.2, −0.2, −7.2. ಎಲ್ಲವೂ ಮೈನಸ್. ಆದರೆ 0.8ನೇ ಸೆಕೆಂಡಿಗೆ ಎರಡೂ 4.8 ಮೀಟರಿನಲ್ಲಿವೆ. ಚೆಂಡು ಬಲೂನಿನ ಮಟ್ಟವನ್ನು ಮುಟ್ಟುತ್ತದೆ, ದಾಟುವುದಿಲ್ಲ. 3.5 ಮೀಟರಿನಿಂದ ಬಿಟ್ಟರೆ ಮುಟ್ಟುವುದೂ ಇಲ್ಲ, 0.3 ಮೀಟರ್ ಅಂತರ ಉಳಿದೇ ಉಳಿಯುತ್ತದೆ.

ಹಾಗಾದರೆ ಯಾವಾಗ ಅನುಮಾನ ಪಡಬೇಕು? ವ್ಯತ್ಯಾಸ ಸೊನ್ನೆಯ ಕಡೆಗೆ ಬರುತ್ತಾ ಬರುತ್ತಾ ಸೊನ್ನೆ ದಾಟದೆ ತಿರುಗಿ ದೂರ ಹೋದರೆ, ಆ ತಿರುವಿನ ಬಳಿ ಹೆಜ್ಜೆ ಚಿಕ್ಕದು ಮಾಡಬೇಕು. −3.2 ಆದ ಮೇಲೆ −0.2, ಆಮೇಲೆ −7.2 ಎಂದರೆ ನಡುವೆ ಎಲ್ಲೋ ತಿರುವು ಇದೆ.

ಹೆಜ್ಜೆ ದೊಡ್ಡದಾದರೆ ಎಷ್ಟು ದೊಡ್ಡ ಮೋಸವಾಗಬಹುದು ಎಂದು ತೋರಿಸಲು ನಾನು ಮಕ್ಕಳಿಗೆ ಚಿತ್ರದುರ್ಗದ ಗಾಳಿಯಂತ್ರಗಳ ಲೆಕ್ಕ ಕೊಡುತ್ತೇನೆ. ಹೆದ್ದಾರಿಯಲ್ಲಿ ಹೋಗುವಾಗ ಗುಡ್ಡಗಳ ಮೇಲೆ ಸಾಲಾಗಿ ಕಾಣುತ್ತವಲ್ಲ, ಅವೇ. ರೆಕ್ಕೆಯ ತುದಿ ನೆಲದಿಂದ 40 ಮೀಟರಿಗೆ ಇಳಿದು 120 ಮೀಟರಿಗೆ ಏರುತ್ತದೆ, ಒಂದು ಸುತ್ತಿಗೆ 4 ಸೆಕೆಂಡು ಎಂದುಕೊಳ್ಳಿ. ಈಗ 4 ಸೆಕೆಂಡಿನ ಹೆಜ್ಜೆಯಲ್ಲಿ ಕೋಷ್ಟಕ ಬರೆದರೆ? 0ರಲ್ಲಿ 120, 4ರಲ್ಲಿ 120, 8ರಲ್ಲಿ 120. ಗಾಳಿಯಂತ್ರ ನಿಂತೇ ಇದೆ ಎನ್ನುತ್ತದೆ ಕೋಷ್ಟಕ! ನಿಜವಾಗಿ ಆ ತುದಿ ಪ್ರತಿ ಸುತ್ತಿನಲ್ಲೂ 80 ಮೀಟರ್ ಎತ್ತರವನ್ನು ಎರಡು ಸಲ ದಾಟುತ್ತಿದೆ. ತಿರುಗುವ, ತೂಗುವ ವಸ್ತುಗಳಿಗೆ ಒಂದು ಸುತ್ತಿಗೆ ಕನಿಷ್ಠ ಎಂಟು ಹತ್ತು ಸಾಲಾದರೂ ಬರೆಯಿರಿ.

ಇಷ್ಟು ಸಾಲು ಕೈಯಲ್ಲಿ ಬರೆಯಲು ಬೇಜಾರಾದರೆ ಮೊಬೈಲಿನಲ್ಲೇ ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್ ತೆರೆಯಿರಿ. ಮೊದಲ ಸಾಲಿಗೆ ಸೂತ್ರ ಹಾಕಿ ಕೆಳಕ್ಕೆ ಎಳೆದರೆ ನೂರು ಸಾಲು ಕ್ಷಣದಲ್ಲಿ ತುಂಬುತ್ತದೆ. ಆದರೆ ಮೊದಲ ಎರಡು ಮೂರು ಕೋಷ್ಟಕವನ್ನು ಕೈಯಲ್ಲೇ ಬರೆಯಿರಿ ಎನ್ನುವುದು ನನ್ನ ಮಾತು. ವ್ಯತ್ಯಾಸ ಹೇಗೆ ಬದಲಾಗುತ್ತದೆ ಎಂಬುದು ಬರೆಯುವಾಗಲೇ ತಲೆಗೆ ಹತ್ತುತ್ತದೆ.

ಸೂತ್ರವೇ ಇಲ್ಲದಿದ್ದಾಗ

ಇಷ್ಟು ಹೊತ್ತು ನಮ್ಮ ಕೈಯಲ್ಲಿ ಸೂತ್ರವಿತ್ತು. ಬೇಕಾದರೆ ಸಮೀಕರಣ ಬಿಡಿಸಬಹುದಿತ್ತು. ಸೂತ್ರವೇ ಸಿಗದ ಕಡೆ ಕೋಷ್ಟಕ ಬಿಟ್ಟು ಬೇರೆ ದಾರಿಯಿಲ್ಲ. ಅದಕ್ಕೆ ಹಿರಿಯೂರು ತಾಲ್ಲೂಕಿನ ಮಾರಿಕಣಿವೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಅಲ್ಲಿ ವೇದಾವತಿ ನದಿಗೆ ಕಟ್ಟಿದ ವಾಣಿವಿಲಾಸ ಸಾಗರ ಜಲಾಶಯ ಮುಗಿದಿದ್ದು 1907ರಲ್ಲಿ. ಪೂರ್ಣ ಮಟ್ಟ 130 ಅಡಿ. 1933ರಲ್ಲಿ ತುಂಬಿದ ಮೇಲೆ ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ, 89 ವರ್ಷ ಕಳೆದ ಮೇಲೆ. ನೀರು ಏರುತ್ತಿದ್ದ ಆ ದಿನಗಳಲ್ಲಿ ಜಿಲ್ಲೆಯ ಜನ ಬೆಳಗ್ಗೆ ಎದ್ದು ಮೊದಲು ಕೇಳುತ್ತಿದ್ದುದು ‘ಇವತ್ತು ಎಷ್ಟು ಅಡಿ?’ ಎಂದು. ದಿನ ಒಂದು ಕಂಬ, ಅಡಿ ಇನ್ನೊಂದು ಕಂಬ. ಗೊತ್ತಿಲ್ಲದೆಯೇ ಎಲ್ಲರೂ ಫಂಕ್ಷನ್ ಕೋಷ್ಟಕ ಬರೆಯುತ್ತಿದ್ದರು. ಇಲ್ಲಿ ಒಂದು ಎತ್ತರ ಏರುವ ನೀರಿನದು. ಇನ್ನೊಂದು ಕೋಡಿಯದು, ಅದು ಯಾವ ದಿನ ಕೇಳಿದರೂ 130. ಅಲ್ಲಾಡದೆ ನಿಂತಿದ್ದೂ ಒಂದು ಫಂಕ್ಷನ್ನೇ.

ಕೆಳಗಿನ ಮಟ್ಟಗಳು ಅಭ್ಯಾಸಕ್ಕೆಂದು ನಾನೇ ಹಾಕಿಕೊಂಡವು:

| ದಿನ | ನೀರು (ಅಡಿ) | ಕೋಡಿಗೆ ಉಳಿದದ್ದು | ಎರಡು ದಿನದ ಏರಿಕೆ |
|---|---|---|---|
| 0 | 126 | 4 | |
| 2 | 127.2 | 2.8 | 1.2 |
| 4 | 128.2 | 1.8 | 1 |
| 6 | 129 | 1 | 0.8 |

ಮೊದಲ ಎರಡು ಸಾಲು ಮಾತ್ರ ನೋಡಿದವರು ದಿನಕ್ಕೆ 0.6 ಅಡಿ, 4 ಅಡಿಗೆ ಏಳನೇ ದಿನ ಕೋಡಿ ಎಂದು ಹೇಳಿಬಿಡುತ್ತಾರೆ. ಕೊನೆಯ ಕಂಬ ಬೇರೆಯೇ ಮಾತು ಹೇಳುತ್ತಿದೆ. ಏರಿಕೆ 1.2, 1, 0.8 ಎಂದು ಸೊರಗುತ್ತಿದೆ. ಮಳೆ ಇಳಿದು ಒಳಹರಿವು ಕಡಿಮೆಯಾದರೂ ಹೀಗಾಗುತ್ತದೆ. ಒಳಹರಿವು ಅಷ್ಟೇ ಇದ್ದರೂ, ಮೇಲೆ ಹೋದಂತೆ ಜಲಾಶಯ ಅಗಲವಾಗುವುದರಿಂದ ಅದೇ ನೀರು ಕಡಿಮೆ ಅಡಿ ಏರಿಸುತ್ತದೆ. ಇದೇ ಲಯ ಮುಂದುವರಿದರೆ ಎಂಟನೇ ದಿನಕ್ಕೆ 0.6 ಸೇರಿ 129.6, ಹತ್ತನೇ ದಿನಕ್ಕೆ 0.4 ಸೇರಿ ಸರಿಯಾಗಿ 130. ಏಳನೇ ದಿನವಲ್ಲ, ಹತ್ತನೇ ದಿನ.

ಮುಂದಿನ ದಿನಗಳ ಸಾಲುಗಳನ್ನು ಪೆನ್ಸಿಲಿನಲ್ಲಿ ಬರೆಯಿರಿ, ಅಳೆದ ಸಾಲುಗಳನ್ನು ಪೆನ್ನಿನಲ್ಲಿ. ಎಂಟನೇ ದಿನ ಬೆಳಗ್ಗೆ ನಿಜವಾದ ಮಟ್ಟ 129.5 ಎಂದು ಬಂದರೆ ಪೆನ್ಸಿಲಿನ 129.6 ಅಳಿಸಿ, ಹೊಸ ಅಂಕಿ ಪೆನ್ನಿನಲ್ಲಿ ಬರೆದು, ಏರಿಕೆಯ ಕಂಬವನ್ನು ಅಲ್ಲಿಂದ ಮತ್ತೆ ಲೆಕ್ಕ ಹಾಕಿ.